ಪರದೆಗೆ ಎಷ್ಟು, ಕಾಗದಕ್ಕೆ ಎಷ್ಟು, ಬಾಯಿಗೆ ಎಷ್ಟು

(ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ಶಾಲಾ ಶಿಕ್ಷಕರು, ಸಹಕಾರಿ ಸಂಘಗಳ ಸಿಬ್ಬಂದಿ ಮತ್ತು ತೋಟಗಾರಿಕೆ ತರಬೇತಿ ಕೊಡುವವರ ಮುಂದೆ, ಸ್ಲೈಡ್ ಮಾಡುವ ಬಗೆಯ ಕುರಿತು ಆಡಿದ ಮಾತಿನ ಬರಹ ರೂಪ. ಅಲ್ಲಿ ತೋರಿಸಿದ ಸ್ಲೈಡ್‌ಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ಒಂದು ಸ್ಲೈಡ್ ತೋರಿಸುತ್ತೇನೆ. ಇದನ್ನು ಬೇಕೆಂದೇ ಕೆಟ್ಟದಾಗಿ ಮಾಡಿಟ್ಟುಕೊಂಡು ಬಂದಿದ್ದೇನೆ. ಮೇಲೆ ‘ಅಡಿಕೆಯಲ್ಲಿ ಕೊಳೆರೋಗ ಮತ್ತು ಅದರ ನಿರ್ವಹಣೆ’ ಎಂಬ ತಲೆಬರಹ. ಕೆಳಗೆ ಚುಕ್ಕಿಯಿಟ್ಟ ಒಂಬತ್ತು ಸಾಲು: ರೋಗಾಣುವಿನ ಲ್ಯಾಟಿನ್ ಹೆಸರು, ಹರಡುವ ರೀತಿ, ಲಕ್ಷಣ, ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಪ್ರಮಾಣ, ತಯಾರಿಸುವ ವಿಧಾನ, ಸಿಂಪಡಿಸುವ ಸಮಯ, ಉದುರಿದ ಕಾಯಿ ಹೆಕ್ಕುವುದು, ಗೊನೆಗೆ ಕೊಟ್ಟೆ (ಮಳೆ ತಾಗದಂತೆ ಹೊದಿಕೆ) ಕಟ್ಟುವುದು, ಮುನ್ನೆಚ್ಚರಿಕೆ. ಹಿನ್ನೆಲೆಗೆ ತೋಟದ ಫೋಟೊ, ಅಕ್ಷರವೆಲ್ಲ ಅದರ ಮೇಲೆಯೇ. ಬಲಮೂಲೆಯಲ್ಲಿ ಎರಡು ಲಾಂಛನ. ಇಂಥದ್ದನ್ನು ನೋಡಿಯೇ ಇಲ್ಲ ಎನ್ನುವವರು ಇಲ್ಲಿದ್ದರೆ, ಅವರು ಈವರೆಗೆ ಯಾವ ತರಬೇತಿಗೂ ಹೋಗಿಲ್ಲ ಎಂದೇ ತಿಳಿಯಬೇಕು.

ಇದರಲ್ಲಿ ತಪ್ಪು ಮಾಹಿತಿ ಒಂದೂ ಇಲ್ಲ. ತೊಂದರೆ ಬೇರೆ. ಎದುರು ಕೂತ ಬೆಳೆಗಾರ ಇದರಿಂದ ಮನೆಗೆ ಒಯ್ಯಬೇಕಾದ ಮಾತು ಯಾವುದು? ಮಳೆ ಹಿಡಿಯುವ ಮೊದಲೇ ಮೊದಲ ಔಷಧಿ ಆಗಬೇಕು, ಅದಾಗಿ 40–45 ದಿನಕ್ಕೆ ಎರಡನೆಯದು. ಆ ಮಾತು ಆರನೆಯ ಸಾಲಿನಲ್ಲಿ ಅಡಗಿ ಕೂತಿದೆ. ಅಷ್ಟು ಹೊತ್ತಿಗೆ ಓದುವವರು ಓದಿ ಮುಗಿಸಿ ಮೊಬೈಲ್ ತೆಗೆದಿರುತ್ತಾರೆ, ಓದಲಾಗದವರು ಮೊದಲೇ ತೆಗೆದಿರುತ್ತಾರೆ. ಹೇಳುವವರು ಮಾತ್ರ ಬೆನ್ನು ಕೊಟ್ಟು ನಿಂತು ಮೂರನೆಯ ಸಾಲು ಓದುತ್ತಿರುತ್ತಾರೆ.

ಈಗ ಇದೇ ವಿಷಯವನ್ನು ಬಿಡಿಸೋಣ. ಮೊದಲ ಸ್ಲೈಡಿನ ತಲೆಬರಹ ಒಂದು ಪೂರ್ತಿ ವಾಕ್ಯ: ‘ಮಳೆ ಹಿಡಿಯುವ ಮೊದಲೇ ಮೊದಲ ಔಷಧಿ ಹೊಡೆದಿರಬೇಕು’. ಕೆಳಗೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಒಂದು ಪಟ್ಟಿ, ಅದರ ಮೇಲೆ ಎರಡು ಗುರುತು. ಮುಗಿಯಿತು. ಏಕೆ ಮೊದಲೇ ಎನ್ನುವುದು ಬಾಯಲ್ಲಿ ಹೇಳುವ ಮಾತು: ಈ ರೋಗದ ಬೀಜಾಣು ನೀರಿನಲ್ಲಿ ಈಜಿ ಹೋಗುವಂಥದ್ದು, ಮಳೆಹನಿ ಸಿಡಿದು ಒಂದು ಅಡಿಕೆ ಗೊನೆಯಿಂದ ಇನ್ನೊಂದಕ್ಕೆ ದಾಟುವಂಥದ್ದು. ಅದು ಬಂದು ಕೂರುವ ಮೊದಲು ಕಾಯಿಯ ಮೇಲೆ ತಾಮ್ರದ ಲೇಪ ಇರಬೇಕು. ಎರಡನೆಯ ಸ್ಲೈಡು ಒಂದೇ ಫೋಟೊ. ರೋಗ ತಗುಲಿದ ಒಂದು ಕಾಯಿ, ಪರದೆ ತುಂಬ. ತೊಟ್ಟಿನ ಕಡೆ ನೀರು ಕುಡಿದಂತೆ ಕಾಣುವ ಕಡುಹಸಿರು ಕಲೆಗೆ ಒಂದು ಬಾಣ. ಇಡೀ ತೋಟದ ಫೋಟೊ ಹಾಕಿದರೆ ತೋಟ ಕಾಣುತ್ತದೆ, ಕಲೆ ಕಾಣುವುದಿಲ್ಲ.

ಮೂರನೆಯದು ಪ್ರಮಾಣ: 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು ಎನ್ನುವುದಕ್ಕೆ ಎರಡು ಪ್ಲಾಸ್ಟಿಕ್ ಡ್ರಮ್ಮಿನ ಚಿತ್ರ, ನಡುವೆ ಒಂದು ಬಾಣ. ಇದನ್ನು ವಾಕ್ಯದಲ್ಲಿ ಬರೆದರೆ ಯಾವುದರಿಂದ ಯಾವುದಕ್ಕೆ ಎಂದು ಅರ್ಧ ಜನ ತಿರುಗಾಮುರುಗಾ ನೆನಪಿಟ್ಟುಕೊಳ್ಳುತ್ತಾರೆ. ಬಾಣ ನೋಡಿದವರಿಗೆ ಗೊಂದಲವಿಲ್ಲ. ನಾಲ್ಕನೆಯದು ಕತ್ತಿಯ ಪರೀಕ್ಷೆ. ತಯಾರಾದ ದ್ರಾವಣದಲ್ಲಿ ಉಜ್ಜಿದ ಕಬ್ಬಿಣದ ಚೂರಿ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು. ಪಕ್ಕಪಕ್ಕ ಎರಡು ಫೋಟೊ, ಒಂದರ ಕೆಳಗೆ ‘ಸರಿ’, ಇನ್ನೊಂದರ ಕೆಳಗೆ ‘ಸುಣ್ಣ ಸಾಲದು’.

ಒಂದರ ಜಾಗದಲ್ಲಿ ನಾಲ್ಕು ಆಯಿತಲ್ಲ ಎಂದರೆ, ಆಗಲಿ. ಸ್ಲೈಡಿಗೆ ಕಾಗದದ ಖರ್ಚಿಲ್ಲ. ಹತ್ತು ನಿಮಿಷಕ್ಕೆ ಇಷ್ಟೇ ಸ್ಲೈಡು ಎಂದು ಲೆಕ್ಕ ಕಟ್ಟುವವರಿದ್ದಾರೆ. ನನಗೆ ಆ ಲೆಕ್ಕದಲ್ಲಿ ನಂಬಿಕೆಯಿಲ್ಲ. ಒಂಬತ್ತು ಸಾಲಿನ ಒಂದು ಸ್ಲೈಡನ್ನು ಹತ್ತು ನಿಮಿಷ ನಿಲ್ಲಿಸುವುದಕ್ಕಿಂತ ನಾಲ್ಕು ಸ್ಲೈಡು ಎರಡೆರಡು ನಿಮಿಷಕ್ಕೆ ದಾಟುವುದು ಎಲ್ಲರಿಗೂ ಹಗುರ.

ಹಾಗಾದರೆ ಉಳಿದ ಸಾಲುಗಳು ಏನಾದವು? ಲೋಹದ ಪಾತ್ರೆ ಬೇಡ, ಮಾಡಿದ ದಿನವೇ ಖಾಲಿ ಮಾಡಿ, ಸುಣ್ಣ ಸೋಸಿಕೊಳ್ಳಿ, ಇವೆಲ್ಲ ಒಂದು ಹಾಳೆಗೆ ಹೋಗಬೇಕು. ಏಕೆಂದರೆ ಇವು ಬೇಕಾಗುವುದು ಸಭಾಂಗಣದಲ್ಲಿ ಅಲ್ಲ, ಔಷಧಿ ಕಲಸುವ ಬೆಳಿಗ್ಗೆ. ಆ ಹಾಳೆ ಕೊಟ್ಟಿಗೆಯ ಗೋಡೆಯಲ್ಲಿದ್ದರೆ ಮನೆಯವರೂ ನೋಡುತ್ತಾರೆ, ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡನೂ ನೋಡುತ್ತಾನೆ. ರೋಗಾಣುವಿನ ಲ್ಯಾಟಿನ್ ಹೆಸರೂ ಹಾಳೆಯ ಅಡಿಗೇ. ತೋಟಗಾರಿಕೆ ವಿದ್ಯಾರ್ಥಿಗಳಿಗೆ ಪಾಠವಾದರೆ ಮಾತು ಬೇರೆ. ಆಗ ಹೆಸರು ಪರದೆಗೆ ಬರಬೇಕು, ಕೊಟ್ಟೆ ಕಟ್ಟುವ ವಿಚಾರವೇ ಹಾಳೆಗೆ ಹೋದೀತು. ಎದುರು ಯಾರಿದ್ದಾರೆ, ಕೇಳಿದ ಮೇಲೆ ಅವರು ಏನು ಮಾಡಬೇಕು ಎಂದು ನಿರ್ಧರಿಸದೆ ಕಂಪ್ಯೂಟರ್ ತೆರೆಯಬೇಡಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮೂರು ಕಲಮು ಗೆರೆ ಹಾಕಿ: ಪರದೆ, ಕಾಗದ, ಬಾಯಿ. ನಿಮ್ಮ ಹತ್ತಿರ ಇರುವ ಪ್ರತಿಯೊಂದು ಸಂಗತಿಯೂ ಈ ಮೂರರಲ್ಲಿ ಒಂದು ಕಡೆ ಹೋಗಬೇಕು. ಯಾವುದಕ್ಕೂ ಸೇರದ್ದು ಕಸ.

ತಲೆಬರಹ ಪೂರ್ತಿ ವಾಕ್ಯವಾಗಿರಲಿ ಎಂದೆ. ಇದು ನನ್ನ ಹಟ ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೇ ಈ ವಿದ್ಯೆಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದ ಸ್ಲೈಡಿನ ಕತೆ ಹೇಳುತ್ತೇನೆ.

2003ರ ಜನವರಿ 16ರಂದು ಕೊಲಂಬಿಯಾ ನೌಕೆ ಅಂತರಿಕ್ಷಕ್ಕೆ ಹಾರಿತು. ಏಳು ಜನರಲ್ಲಿ ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಒಬ್ಬರು. ಹಾರಿ ಒಂದೂವರೆ ನಿಮಿಷವೂ ಆಗಿರಲಿಲ್ಲ, ಇಂಧನದ ಟ್ಯಾಂಕಿನಿಂದ ಕಿತ್ತುಬಂದ ಫೋಮ್ ತುಂಡೊಂದು ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲೆ ಸುತ್ತುತ್ತಿದ್ದಾಗಲೇ ಎಂಜಿನಿಯರುಗಳು ಲೆಕ್ಕ ಹಾಕಿ, ನಾಸಾದ ಮೇಲಧಿಕಾರಿಗಳಿಗೆ ಸ್ಲೈಡ್‌ಗಳಲ್ಲಿ ಒಪ್ಪಿಸಿದರು. ಅದರಲ್ಲಿ ಒಂದು ಸ್ಲೈಡಿನ ತಲೆಬರಹ ಓದಿದವರಿಗೆ, ಹಿಂದಿನ ಪರೀಕ್ಷೆಗಳ ಲೆಕ್ಕ ಸುರಕ್ಷತೆಯ ಕಡೆಗೇ ವಾಲುತ್ತದೆ ಎಂಬ ಭಾವನೆ ಬರುವಂತಿತ್ತು. ಅದರ ಕೆಳಗೆ ಸಾಲು, ಸಾಲಿನೊಳಗೆ ಒಳಸಾಲು, ಅದರೊಳಗೆ ಇನ್ನೊಂದು. ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ, ಬಡಿದ ತುಂಡಿನ ಗಾತ್ರ 1920 ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ ತುಂಡಿನದು 3 ಘನ ಅಂಗುಲ ಎಂಬ ವಿವರ. ಭಾಗಿಸಿ ನೋಡಿ: 640 ಪಟ್ಟು. ಪರೀಕ್ಷೆಯ ಲೆಕ್ಕ ಇಲ್ಲಿಗೆ ಹೊಂದುವುದೇ ಇಲ್ಲ ಎನ್ನುವ ಮಾತು ಸ್ಲೈಡಿನ ತಳದಲ್ಲಿ ಬಿದ್ದಿತ್ತು.

ಫೆಬ್ರವರಿ 1ರಂದು ಮರಳಿ ಬರುವಾಗ ನೌಕೆ ಒಡೆದು ಏಳೂ ಜನ ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಬಂದ ತನಿಖಾ ವರದಿ, ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು ಮಾಡಿದ ಈ ಸ್ಲೈಡಿನ ವಿಶ್ಲೇಷಣೆಯನ್ನು ಒಳಗೆ ಸೇರಿಸಿಕೊಂಡಿತು. ಎಂಜಿನಿಯರಿಂಗ್ ವರದಿಯ ಜಾಗದಲ್ಲಿ ಸ್ಲೈಡ್ ಇಡುವ ಅಭ್ಯಾಸವನ್ನು ಟೀಕಿಸಿತು. ಒಂದು ಸ್ಲೈಡಿನಿಂದ ನೌಕೆ ಬಿತ್ತು ಎಂದು ನಾನು ಹೇಳುತ್ತಿಲ್ಲ. ರೆಕ್ಕೆ ತೂತಾಗಿತ್ತು, ಬಿಸಿಗಾಳಿ ಒಳಗೆ ನುಗ್ಗಿತು. ಆದರೆ ಆ ತಲೆಬರಹ ‘ಬಡಿದ ತುಂಡು ಪರೀಕ್ಷೆಯ ತುಂಡಿಗಿಂತ 640 ಪಟ್ಟು ದೊಡ್ಡದು, ಪರಿಣಾಮ ನಮಗೆ ಗೊತ್ತಿಲ್ಲ’ ಎಂದಿದ್ದರೆ ಆ ಕೋಣೆಯಲ್ಲಿ ಪ್ರಶ್ನೆಗಳೇ ಬೇರೆ ಇರುತ್ತಿದ್ದವು.

ನಮ್ಮ ಸಭೆಗಳಲ್ಲಿ ಜೀವದ ಪ್ರಶ್ನೆ ದಿನಾ ಬರುವುದಿಲ್ಲ. ಆದರೂ ‘ಹಾಜರಾತಿ ವಿವರ’ ಎನ್ನುವ ತಲೆಬರಹಕ್ಕೂ ‘ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಇಲ್ಲದ ಕಡೆಯ ಮಕ್ಕಳು ಜುಲೈಯಲ್ಲಿ ಶಾಲೆ ತಪ್ಪಿಸುತ್ತಿದ್ದಾರೆ’ ಎನ್ನುವುದಕ್ಕೂ ಇರುವ ಅಂತರ ನೋಡಿ. ಮೊದಲನೆಯದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಎರಡನೆಯದಕ್ಕೆ ಪಂಚಾಯ್ತಿ ಸದಸ್ಯರು ಎದ್ದು ಯಾವ ಊರು ಎಂದು ಕೇಳುತ್ತಾರೆ. ವಾಕ್ಯ ಬರೆಯುವುದರಲ್ಲಿ ಇನ್ನೊಂದು ಲಾಭವಿದೆ: ವಾಕ್ಯ ಬರೆಯಲು ಬಾರದಿದ್ದರೆ ಆ ಸ್ಲೈಡಿಗೆ ಹೇಳಲು ಏನೂ ಇಲ್ಲ ಎಂದು ನಿಮಗೇ ಗೊತ್ತಾಗುತ್ತದೆ.

ಪರದೆಯ ಮೇಲಿನ ಅಕ್ಷರವನ್ನೇ ಬಾಯಲ್ಲೂ ಓದುವ ವಿಚಾರ. ಕ್ಯಾಲಿಫೋರ್ನಿಯಾದ ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ, ಮಾತು, ಅಕ್ಷರ ಇವು ಸೇರಿದಾಗ ಕಲಿಕೆ ಹೇಗಾಗುತ್ತದೆ ಎಂದು ದಶಕಗಳ ಕಾಲ ಪ್ರಯೋಗ ಮಾಡಿದವರು. ಚಿತ್ರದ ಜೊತೆ ಮಾತು ಕೇಳಿದವರು, ಚಿತ್ರ, ಮಾತು ಮತ್ತು ಅದೇ ಮಾತಿನ ಅಕ್ಷರ ಮೂರೂ ಒಟ್ಟಿಗೆ ಸಿಕ್ಕವರಿಗಿಂತ ಚೆನ್ನಾಗಿ ಕಲಿಯುತ್ತಾರೆ ಎನ್ನುವುದು ಅವರ ಪ್ರಸಿದ್ಧ ನಿಷ್ಕರ್ಷೆಗಳಲ್ಲಿ ಒಂದು. ಓದುವವರು ನಿಮಗಿಂತ ವೇಗವಾಗಿ ಓದುತ್ತಾರೆ. ಆಮೇಲೆ ಕಣ್ಣು ಒಂದು ಕಡೆ, ಕಿವಿ ಒಂದು ಕಡೆ. ಆದರೆ ಇದಕ್ಕೆ ಅಪವಾದವೂ ಇದೆ, ಅದು ನಮ್ಮ ಜಿಲ್ಲೆಗೆ ಬಹಳ ಮುಖ್ಯ. ಕೇಳುವ ಭಾಷೆ ಮನೆಮಾತಲ್ಲದವರಿಗೆ, ಅಥವಾ ಪದವೇ ಹೊಸದಾಗಿರುವಾಗ, ಪರದೆಯ ಮೇಲೆ ಆ ಒಂದೆರಡು ಪದ ಕಂಡರೆ ನೆರವಾಗುತ್ತದೆ. ಕಾರವಾರದಲ್ಲಿ ಎದುರಿಗೆ ಕೊಂಕಣಿಯವರಿರುತ್ತಾರೆ, ಹಳಿಯಾಳದಲ್ಲಿ ಮರಾಠಿಯವರು, ಭಟ್ಕಳದಲ್ಲಿ ನವಾಯತಿ ಆಡುವವರು. ಅಲ್ಲಿ ಮುಖ್ಯ ಪದ ಪರದೆಯಲ್ಲಿ ಇರಲಿ. ಪದ ಎಂದೆ, ಪುಟ ಎಂದಲ್ಲ.

ಇನ್ನು ಕನ್ನಡ ಅಕ್ಷರದ ಮಾತು. ಇಂಗ್ಲಿಷಿನವರ ಸಲಹೆಗಳನ್ನು ಹಾಗೇ ಎತ್ತಿಕೊಂಡರೆ ಎಡವುವುದು ಇಲ್ಲಿಯೇ.

ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’, ‘ಸ್ತ್ರೀ’ ಎಂದು ಬರೆದರೆ ಒತ್ತಿನ ಕೆಳಗೆ ಇನ್ನೊಂದು ಒತ್ತು ಇಳಿದು ಮುಂದಿನ ಸಾಲಿನ ತಲೆ ಮುಟ್ಟುತ್ತದೆ. ಸಾಲುಗಳ ನಡುವಿನ ಅಂತರವನ್ನು 1.2 ಅಥವಾ 1.3ಕ್ಕೆ ಏರಿಸಿ. ಎರಡೂ ಬದಿ ಸಮ ಮಾಡುವ ಜೋಡಣೆ ಬೇಡ: ವಿಭಕ್ತಿ, ಪ್ರತ್ಯಯ ಎಲ್ಲ ಅಂಟಿಕೊಂಡು ನಮ್ಮ ಪದಗಳು ಉದ್ದ, ಒಂದು ಪದ ಕೆಳಗಿನ ಸಾಲಿಗೆ ಜಾರಿದರೆ ಉಳಿದವುಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬಿಡುತ್ತದೆ. ಎಡಕ್ಕೆ ಜೋಡಿಸಿ, ಸಾಲು ಎಲ್ಲಿ ಮುರಿಯಬೇಕೆಂದು ನೀವೇ ನಿರ್ಧರಿಸಿ. ಓರೆ ಅಕ್ಷರ ನಮ್ಮ ಲಿಪಿಯ ಸ್ವಭಾವವೇ ಅಲ್ಲ. ಒತ್ತಿ ಹೇಳಬೇಕಾದರೆ ದಪ್ಪ ಮಾಡಿ, ಅದೂ ದೊಡ್ಡ ಅಕ್ಷರದಲ್ಲಿ ಮಾತ್ರ; ಸಣ್ಣದನ್ನು ದಪ್ಪ ಮಾಡಿದರೆ ಒಳಗಿನ ಸುಳಿಗಳು ಮುಚ್ಚಿಹೋಗಿ ‘ರ’ಕ್ಕೂ ‘ಠ’ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕೆಲವು ಅಲ್ಪಪ್ರಾಣ ಮಹಾಪ್ರಾಣಗಳ ನಡುವೆ ಇರುವುದು ಒಂದು ಚಿಕ್ಕ ಗೀರು. ಸರಕಾರ ಧನಸಹಾಯ ಕೊಡುತ್ತದೆಯೋ ದನಸಹಾಯ ಕೊಡುತ್ತದೆಯೋ ಎಂದು ಕೊನೆಯ ಸಾಲಿನವರಿಗೆ ಸಂಶಯ ಬರಬಾರದು.

ಫಾಂಟಿನ ಗೋಳು ನಿಮಗೆಲ್ಲ ಗೊತ್ತು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಒಳಗಿನಿಂದ ಇಂಗ್ಲಿಷ್ ಸಂಕೇತಗಳೇ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಗೀಚು. ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ತುಂಗಾ ಅಥವಾ ನಿರ್ಮಲಾ ವಿಂಡೋಸ್‌ನಲ್ಲಿ ಸಿಗುತ್ತವೆ, ನೋಟೊ ಸಾನ್ಸ್ ಕನ್ನಡ ಪುಕ್ಕಟೆ. ಪವರ್‌ಪಾಯಿಂಟಿನಲ್ಲಿ ಫೈಲಿನ ಜೊತೆಗೇ ಫಾಂಟನ್ನು ಸೇರಿಸಿ ಉಳಿಸುವ ಆಯ್ಕೆ ಇದೆ. ಅಷ್ಟಾದರೂ ನಂಬಬೇಡಿ, ಒಂದು ಪಿಡಿಎಫ್ ಪ್ರತಿ ಪೆನ್‌ಡ್ರೈವಿನಲ್ಲಿ ಇರಲಿ. ಅಕ್ಷರ ಒಡೆಯುವುದಿಲ್ಲ.

ಗಾತ್ರ ಎಷ್ಟಿರಬೇಕು ಎಂದು ಎಲ್ಲರೂ ಅಂಕಿ ಕೇಳುತ್ತಾರೆ. ಅಂಕಿಗಿಂತ ಒಂದು ಪರೀಕ್ಷೆ ಹೇಳುತ್ತೇನೆ. ಸಭಾಂಗಣದ ಪರದೆ 4 ಅಡಿ ಎತ್ತರ, ಕೊನೆಯ ಬೆಂಚು 40 ಅಡಿ ದೂರ ಎಂದುಕೊಳ್ಳಿ. ಅಂದರೆ ಪರದೆಯ ಎತ್ತರದ ಹತ್ತು ಪಟ್ಟು ದೂರದಲ್ಲಿ ಅವರು ಕೂತಿದ್ದಾರೆ. ನಿಮ್ಮ 14 ಇಂಚಿನ ಲ್ಯಾಪ್‌ಟಾಪಿನ ಪರದೆ ಸುಮಾರು 7 ಇಂಚು ಎತ್ತರ. ಅದರ ಹತ್ತು ಪಟ್ಟು ಎಂದರೆ 70 ಇಂಚು, ಆರು ಅಡಿಗೆ ಸ್ವಲ್ಪ ಕಡಿಮೆ. ಸ್ಲೈಡನ್ನು ಪೂರ್ತಿ ಪರದೆಗೆ ತಂದು, ಮೇಜಿನಿಂದ ಆರು ಅಡಿ ಹಿಂದೆ ನಿಂತು ಓದಿ. ಕಣ್ಣು ಕಿರಿದಾದರೆ ಅಕ್ಷರ ದೊಡ್ಡದಾಗಬೇಕು. ನೀವು ನಲವತ್ತು ದಾಟಿಲ್ಲದಿದ್ದರೆ ದಾಟಿದವರನ್ನು ನಿಲ್ಲಿಸಿ ಓದಿಸಿ. ಇನ್ನೊಂದು: ಬಹಳಷ್ಟು ಲ್ಯಾಪ್‌ಟಾಪುಗಳ ಅಗಲ-ಎತ್ತರದ ಅನುಪಾತ 16:9, ಶಾಲೆಗಳ ಹಳೆಯ ಪ್ರೊಜೆಕ್ಟರುಗಳು ಬಹಳಷ್ಟು 4:3. ಅಗಲ ಹೊಂದಿಸಲು ಹೋಗಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಎತ್ತರದ ಕಾಲು ಭಾಗ ಹಾಳಾಗುತ್ತದೆ. ಮೊದಲೇ ವಿಚಾರಿಸಿ.

ಬಣ್ಣದ ಬಗ್ಗೆ ಉದ್ದ ಮಾತಿಲ್ಲ. ನಮ್ಮ ಸಭಾಭವನಗಳಲ್ಲಿ ಕಿಟಕಿ ಮುಚ್ಚಿದರೆ ಸೆಖೆ, ತೆರೆದರೆ ಬೆಳಕು. ಬೆಳಕಿದ್ದಲ್ಲಿ ಕಡುಬಣ್ಣದ ಹಿನ್ನೆಲೆ ಬೂದಿಯಾಗಿ ಕಾಣುತ್ತದೆ; ಬಿಳಿ ಹಿನ್ನೆಲೆಗೆ ಕಪ್ಪು ಅಥವಾ ಕಡುನೀಲಿ ಅಕ್ಷರವೇ ವಾಸಿ. ಬಿಳಿಯ ಮೇಲೆ ಹಳದಿ ಬೇಡ. ಕೆಂಪು-ಹಸಿರಿನ ಭೇದ ಕಾಣದವರು ಇದ್ದೇ ಇರುತ್ತಾರೆ, ಅದು ಎಕ್ಸ್ ವರ್ಣತಂತುವಿನ ದೋಷವಾದ್ದರಿಂದ ಗಂಡಸರಲ್ಲೇ ಹೆಚ್ಚು. ರೋಗ ಇದ್ದ ಊರು ಕೆಂಪು, ಇಲ್ಲದ ಊರು ಹಸಿರು ಎಂದು ನಕ್ಷೆ ಮಾಡುವವರು ಕೆಂಪಿನ ಜಾಗಕ್ಕೆ ಗೆರೆಯನ್ನೋ ಗುಣಾಕಾರದ ಗುರುತನ್ನೋ ಸೇರಿಸಿ. ಹಾರಿ ಬರುವ, ಸುತ್ತಿ ಬೀಳುವ ಅಕ್ಷರ? ಅದನ್ನು ಮಕ್ಕಳಿಗೆ ಬಿಡಿ.

ಅಂಕಿಸಂಖ್ಯೆಗೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲಬೇಕು. ಜಿಲ್ಲೆಯಲ್ಲಿ 12 ತಾಲ್ಲೂಕು. ಹನ್ನೆರಡನ್ನೂ ಒಂದು ದುಂಡು ಚಿತ್ರದಲ್ಲಿ ಹೋಳು ಮಾಡಿ, ಪಕ್ಕದಲ್ಲಿ ಬಣ್ಣದ ಪಟ್ಟಿ ಕೊಟ್ಟರೆ ಯಲ್ಲಾಪುರ ಯಾವುದು, ಸಿದ್ದಾಪುರ ಯಾವುದು ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಕಂಬ ನಿಲ್ಲಿಸಿದರೆ ಕೆಳಗಿನ ಹೆಸರುಗಳು ಓರೆಯಾಗಿ ಜನ ಕತ್ತು ವಾಲಿಸಬೇಕು. ಕಂಬಗಳನ್ನು ಅಡ್ಡ ಮಲಗಿಸಿ. ‘ಮುಂಡಗೋಡ’, ‘ಹೊನ್ನಾವರ’ ಎಂಬ ಹೆಸರುಗಳು ಎಡಗಡೆ ನೇರ ಕೂರುತ್ತವೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಲಿ. ನೀವು ಮಾತಾಡುತ್ತಿರುವ ತಾಲ್ಲೂಕಿಗೆ ಮಾತ್ರ ಬಣ್ಣ, ಉಳಿದದ್ದೆಲ್ಲ ಬೂದು.

ಕಂಬ ಸೊನ್ನೆಯಿಂದಲೇ ಏಳಬೇಕು. ಚಾಲಿ (ಒಣಗಿಸಿ ಸುಲಿದ ಬಿಳಿ ಅಡಿಕೆ) ದರ ಕ್ವಿಂಟಲಿಗೆ 48 ಸಾವಿರ ಇದ್ದದ್ದು 50 ಸಾವಿರ ಆಯಿತು ಎಂದುಕೊಳ್ಳಿ. ಕಂಬದ ಬುಡವನ್ನು 47 ಸಾವಿರಕ್ಕೆ ಇಟ್ಟರೆ ದರ ಮೂರು ಪಟ್ಟಾದ ಹಾಗೆ ಕಾಣುತ್ತದೆ. ಏರಿದ್ದು ನೂರಕ್ಕೆ ನಾಲ್ಕು ಮಾತ್ರ. ಗೆರೆಚಿತ್ರಕ್ಕೆ ಈ ಕಟ್ಟು ಇಲ್ಲ. ದಿನದಿನದ ಏರಿಳಿತ ನೋಡುವವರಿಗೆ ಸೊನ್ನೆಯಿಂದ ಹಿಡಿದರೆ ಗೆರೆ ಚಪ್ಪಟೆಯಾಗಿ ಏನೂ ತಿಳಿಯದು. ಎಲ್ಲಿಂದ ಶುರು ಮಾಡಿದ್ದೇವೆ ಎಂದು ಬಾಯಲ್ಲಿ ಹೇಳಿಬಿಟ್ಟರೆ ಸಾಕು.

ಕಾರವಾರ ಬಂದರಿನ ತಿಂಗಳವಾರು ಮೀನಿನ ಲೆಕ್ಕ ತೋರಿಸುವವರಿಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳ ಕಂಬ ನೆಲಕ್ಕೆ ಅಂಟುತ್ತದೆ. ಕರಾವಳಿಯವರಿಗೆ ಹೇಳಬೇಕಿಲ್ಲ, ಆದರೆ ಅದೇ ಸ್ಲೈಡ್ ಬೆಂಗಳೂರಿನ ಸಭೆಗೆ ಹೋದರೆ ಮೀನೇ ಸಿಗಲಿಲ್ಲ ಎಂದು ಓದಿಕೊಳ್ಳುತ್ತಾರೆ. ಆ ಜಾಗದಲ್ಲೇ ‘ಮೀನುಗಾರಿಕೆ ನಿಷೇಧ’ ಎಂದು ಬರೆಯಿರಿ. ಅಡಿಟಿಪ್ಪಣಿ ಬೇಡ.

ಸಂಘದ ಸರ್ವಸಾಧಾರಣ ಸಭೆಯಲ್ಲಿ ಅಡಾವೆ ಪತ್ರಿಕೆಯನ್ನು (ಆಸ್ತಿ-ಹೊಣೆಗಳ ಲೆಕ್ಕಪಟ್ಟಿ) ಸ್ಕ್ಯಾನ್ ಮಾಡಿ ಪರದೆಗೆ ಹಾಕುವ ಪದ್ಧತಿ ಇದೆ. ಸದಸ್ಯರ ಕೈಯಲ್ಲಿ ವರದಿ ಪುಸ್ತಕ ಇದ್ದೇ ಇರುತ್ತದೆ. ಪರದೆಯಲ್ಲಿ ಪುಟದ ಸಂಖ್ಯೆ, ಮತ್ತು ಈ ವರ್ಷ ಬದಲಾದ ಒಂದೇ ಅಂಕಿ ಸಾಕು. ಇನ್ನು ತಾಳಮದ್ದಲೆ ನಡುರಾತ್ರಿವರೆಗೆ ಕೇಳುವ ಸೀಮೆ ಇದು. ವೇಷವಿಲ್ಲ, ಬಣ್ಣವಿಲ್ಲ, ಬರೀ ಅರ್ಥ. ನಮ್ಮ ಜನಕ್ಕೆ ಕೇಳುವ ತಾಳ್ಮೆ ಇಲ್ಲ ಎಂದು ಮಾತ್ರ ಹೇಳಬೇಡಿ. ಮಾತಿಗೆ ಗಮನ ಬೇಕಾದಾಗ ‘ಬಿ’ ಕೀಲಿ ಒತ್ತಿ, ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ಮರಳುತ್ತದೆ. ಹಿಂದಿನ ಸ್ಲೈಡ್ ಯಾರಾದರೂ ಕೇಳಿದರೆ ಅದರ ಸಂಖ್ಯೆ ಒತ್ತಿ ಎಂಟರ್ ಕೊಡಿ. ಇಪ್ಪತ್ತು ಸ್ಲೈಡುಗಳನ್ನು ಹಿಂದಕ್ಕೆ ಓಡಿಸುವುದು ಬೇಡ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ.

ಅಕ್ಕೋರೊಬ್ಬರು (ಶಾಲಾ ಶಿಕ್ಷಕಿ) ಕೇಳಿದರು: “ಸರ್, ಮೇಲಿನಿಂದ ಬಂದ ಪಿಪಿಟಿಯನ್ನು ಹಾಗೇ ತೋರಿಸಬೇಕು, ತಿದ್ದುವ ಹಾಗಿಲ್ಲ. ಅರವತ್ತು ಸ್ಲೈಡ್ ಇರ್ತದೆ. ಏನು ಮಾಡೋದು?”

ತಿದ್ದಬೇಡಿ ಅಕ್ಕೋರೆ. ಎಡಗಡೆಯ ಪಟ್ಟಿಯಲ್ಲಿ ಸ್ಲೈಡಿನ ಮೇಲೆ ಬಲಗುಂಡಿ ಒತ್ತಿದರೆ ಅದನ್ನು ಅಡಗಿಸಿಡುವ ಆಯ್ಕೆ ಸಿಗುತ್ತದೆ. ಅದು ಫೈಲಿನಲ್ಲಿ ಉಳಿಯುತ್ತದೆ, ಪ್ರದರ್ಶನದಲ್ಲಿ ಬರುವುದಿಲ್ಲ. ನಿಮ್ಮ ಊರಿಗೆ ಬೇಕಾದ ಹತ್ತನ್ನು ಬಿಟ್ಟು ಉಳಿದದ್ದನ್ನು ಅಡಗಿಸಿ. ಯಾರಾದರೂ ಕೇಳಿದರೆ ಸಂಖ್ಯೆ ಒತ್ತಿ, ಅಡಗಿಸಿದ್ದೂ ತೆರೆಯುತ್ತದೆ. ಮುಂದೆ ನಿಮ್ಮದೇ ಮೂರು ಸ್ಲೈಡನ್ನು ಬೇರೆ ಫೈಲಿನಲ್ಲಿ ಮಾಡಿಕೊಂಡು ಮೊದಲು ಅದನ್ನೇ ತೋರಿಸಿ.

ಹಿಂದಿನ ಸಾಲಿನಿಂದ ಒಬ್ಬರು: “ಕರೆಂಟ್ ಹೋದರೆ?”

ಎಲ್ಲರೂ ನಕ್ಕರು, ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಆಷಾಢದಲ್ಲಿ ಘಟ್ಟದ ಮೇಲೆ ಸಭೆ ಇಟ್ಟುಕೊಂಡವರು ಇದನ್ನು ಮೊದಲೇ ಯೋಚಿಸಿರಬೇಕು. ಹಾಳೆಗಳನ್ನು ಸಭೆ ಮುಗಿದ ಮೇಲೆ ಹಂಚಬೇಕು, ಇಲ್ಲದಿದ್ದರೆ ಎಲ್ಲರೂ ಅದನ್ನೇ ಓದುತ್ತಾ ಕೂರುತ್ತಾರೆ ಎನ್ನುವುದು ನನ್ನ ಸಾಮಾನ್ಯ ಸಲಹೆ. ಕರೆಂಟ್ ಹೋದ ಗಳಿಗೆಯಲ್ಲಿ ಆ ಸಲಹೆ ರದ್ದು. ತಕ್ಷಣ ಹಂಚಿ, ಅದರ ಎರಡನೆಯ ಮಗ್ಗುಲಲ್ಲಿ ನಿಮ್ಮ ಮುಖ್ಯ ಚಿತ್ರ ಅಚ್ಚಾಗಿರಲಿ, ಅಲ್ಲಿಂದ ಮಾತು ಮುಂದುವರಿಸಿ. ಕೊಳೆರೋಗದ ತರಬೇತಿಯಾದರೆ ಒಂದು ರೋಗದ ಕಾಯಿ, ಒಂದು ಚೂರಿ, ಸ್ವಲ್ಪ ತುತ್ತ, ಸುಣ್ಣ ಚೀಲದಲ್ಲಿ ತಂದಿರಿ. ಕತ್ತಿಯ ಪರೀಕ್ಷೆಯನ್ನು ಬಕೆಟ್ಟಿನಲ್ಲೇ ಮಾಡಿ ತೋರಿಸಬಹುದು. ನನ್ನನ್ನು ಕೇಳಿದರೆ, ಕರೆಂಟ್ ಇದ್ದಾಗಲೂ ಆ ನಾಲ್ಕನೆಯ ಸ್ಲೈಡಿನ ಬದಲು ಬಕೆಟ್ಟನ್ನೇ ತನ್ನಿ.